ಹಳೆಯ ರೀತಿಯ ಬರವಣಿಗೆ, ಚಿನ್ನದ ರೇಕು: ಎಲ್ಲಿ ಕಲಿಯೋದು, ಸಾಮಾನು ಎಲ್ಲಿ ಸಿಗುತ್ತೆ?

ಮಸಿಕುಡಿಕೆ
ಎಲ್ಲರಿಗೂ ನಮಸ್ಕಾರ. ಕ್ಯಾಲಿಗ್ರಫಿ ಹುಚ್ಚು ಇರುವವರು ಇಲ್ಲಿ ಯಾರಾದರೂ ಇದ್ದೀರಾ? ಪೈಲಟ್ ಪ್ಯಾರಲಲ್ ಪೆನ್ನಿನಲ್ಲಿ ಇಂಗ್ಲಿಷ್ ಅಕ್ಷರ ಒಂದು ಮಟ್ಟಕ್ಕೆ ಕೂತಿದೆ. ಈಗ ಕನ್ನಡದಲ್ಲಿ ಒಂದು ಹಾಳೆ ಮಾಡಬೇಕು ಅಂತ ಆಸೆ. ಬಸವಣ್ಣನವರ ಒಂದು ವಚನ, ಮೊದಲ ಅಕ್ಷರ ದೊಡ್ಡದು, ಅದಕ್ಕೆ ನಿಜವಾದ ಚಿನ್ನದ ರೇಕು. ಯುರೋಪಿನ ಮಧ್ಯಯುಗದ ಹಸ್ತಪ್ರತಿಗಳಲ್ಲಿ ಉಬ್ಬಿಕೊಂಡು ಮಿರುಗುವ ಚಿನ್ನ ಇರುತ್ತಲ್ವಾ, ಅಂಥದ್ದು.

ವಿಡಿಯೋಗಳಲ್ಲಿ ಹೇಳುವ ಸಾಮಾನು ಒಂದೂ ಇಲ್ಲಿನ ಆರ್ಟ್ ಅಂಗಡಿಗಳಲ್ಲಿ ಇಲ್ಲ. ವೆಲಮ್ (ಬರೆಯುವ ಚರ್ಮದ ಹಾಳೆ), ಗಮ್ ಅಮೋನಿಯಾಕ್ (ರೇಕು ಕೂರಿಸುವ ಅಂಟು), ಅರ್ಮೇನಿಯನ್ ಬೋಲ್ (ಕೆಂಪು ಮಣ್ಣು), ಅಗೇಟ್ ಬರ್ನಿಷರ್ (ಚಿನ್ನ ತಿಕ್ಕಿ ಒಪ್ಪ ಕೊಡುವ ಕಲ್ಲು), ಐರನ್ ಗಾಲ್ ಮಸಿ. ಹೊರಗಿನಿಂದ ತರಿಸೋಣ ಅಂದರೆ ಸಾಮಾನಿನ ಬೆಲೆಗಿಂತ ಸಾಗಣೆ ಖರ್ಚೇ ಜಾಸ್ತಿ. ನಾನಿರುವುದು ಬೆಂಗಳೂರಿನಲ್ಲಿ. ಕಲಿಸುವವರು ಯಾರಾದರೂ ಇದ್ದರೆ ಮೈಸೂರಿನವರೆಗೂ ಬರಲು ತಯಾರಿದ್ದೇನೆ. ದಯವಿಟ್ಟು ದಾರಿ ತೋರಿಸಿ.

ಅವೆನ್ಯೂ ರಸ್ತೆ ಅಲೆಮಾರಿ
ಆರ್ಟ್ ಅಂಗಡಿ ಬಿಡಿ. ಗ್ರಂಥಿಗೆ ಅಂಗಡಿಗೆ ಹೋಗಿ. ಅರ್ಧ ಪಟ್ಟಿ ಅಲ್ಲೇ ಮುಗಿಯುತ್ತೆ.

ಮಸಿಕುಡಿಕೆ
ತಮಾಷೆ ಮಾಡ್ತಿದ್ದೀರಾ ಸರ್? ಪೂಜೆ ಸಾಮಾನು, ನಾಟಿ ಔಷಧಿ ಮಾರುವ ಅಂಗಡಿ ತಾನೇ?

ಅವೆನ್ಯೂ ರಸ್ತೆ ಅಲೆಮಾರಿ
ಅದೇ. ಐರನ್ ಗಾಲ್ ಮಸಿ ಅಂದರೆ ಏನು? ಓಕ್ ಮರದ ಗಂಟು, ಕಬ್ಬಿಣದ ಉಪ್ಪು, ಅಂಟು, ನೀರು. ಓಕ್ ಮರದ ಗಂಟು ಅಂದರೆ ನಮ್ಮ ಮಾಚಿಕಾಯಿ. ಮಗುವಿಗೆ ತೇದು ನೆಕ್ಕಿಸುತ್ತಾರಲ್ಲ, ಅದೇ. ಕಬ್ಬಿಣದ ಉಪ್ಪು ಅಂದರೆ ಅನ್ನಭೇದಿ. ಅಂಟು ಅಂದರೆ ಗೋಂದು. ಮೂರೂ ಒಂದೇ ಗಲ್ಲೆಯ ಮೇಲೆ ಸಿಗುತ್ತವೆ.

ಹಳೆಯ ಪಾಕಗಳಲ್ಲಿ ಸಾಮಾನ್ಯವಾಗಿ ಬರುವ ಲೆಕ್ಕ ಮಾಚಿಕಾಯಿ 3 ಪಾಲು, ಅನ್ನಭೇದಿ 2, ಗೋಂದು 1. ಮಾಚಿಕಾಯಿ ಕುಟ್ಟಿ ನೀರಿನಲ್ಲಿ ಕೆಲವು ದಿನ ನೆನೆಹಾಕಿ, ಸೋಸಿ, ಅನ್ನಭೇದಿ ಹಾಕಿ. ಬರೆದಾಗ ಮಸುಕಾಗಿರುತ್ತೆ. ಗಾಳಿಗೆ ಒಡ್ಡಿದ ಮೇಲೆ ನಿಧಾನವಾಗಿ ಕಪ್ಪಾಗುತ್ತೆ. ಅನ್ನಭೇದಿ ಜಾಸ್ತಿ ಆಯಿತೋ, ವರ್ಷಗಳು ಕಳೆದ ಮೇಲೆ ಕಾಗದವನ್ನೇ ಸುಟ್ಟು ತೂತು ಮಾಡುತ್ತೆ. ಯುರೋಪಿನ ಎಷ್ಟೋ ಹಳೆಯ ಕಡತಗಳು ಹೀಗೇ ಹಾಳಾಗಿರೋದು. ಈ ಮಸಿಯನ್ನು ಫೌಂಟನ್ ಪೆನ್ನಿಗೆ, ನಿಮ್ಮ ಪೈಲಟ್ಟಿಗೆ ಹಾಕಬೇಡಿ, ಕಟ್ಟಿಕೊಳ್ಳುತ್ತೆ. ಅದ್ದಿ ಬರೆಯುವ ನಿಬ್ಬಿಗೆ, ಪುಕ್ಕಕ್ಕೆ ಮಾತ್ರ.

ಗಮ್ ಅಮೋನಿಯಾಕ್ ಬೇಕೆಂದರೆ ಯುನಾನಿ ಔಷಧಿ ಅಂಗಡಿಯಲ್ಲಿ ಉಶಕ್ ಅಂತ ಕೇಳಿ. ಇರಾನ್ ಕಡೆಯ ಗಿಡದ ಹಾಲು ಅದು. ಇಂಗ್ಲಿಷ್ ಹೆಸರು ಹೇಳಿದರೆ ಅಂಗಡಿಯವರು ನಿಮ್ಮ ಮುಖ ನೋಡುತ್ತಾರೆ, ಅಷ್ಟೇ.

ದಾವಣಗೆರೆ ಬೆಣ್ಣೆ
ಅಯ್ಯೋ ನಮ್ಮಜ್ಜಿ ಪೆಟ್ಟಿಗೆಯಲ್ಲಿ ಮಾಚಿಕಾಯಿ ಯಾವಾಗಲೂ ಇರ್ತಿತ್ತು. ಅದರಿಂದ ಮಸಿ ಆಗುತ್ತೆ ಅಂತ ಇವತ್ತೇ ಗೊತ್ತಾಗಿದ್ದು!

ಪಿಂಚಣಿ ಮೇಷ್ಟ್ರು
ಅಳಲೆಕಾಯಿ ಮತ್ತು ಕಬ್ಬಿಣ ಸೇರಿಸಿ ಮಾಡಿದ ಮಸಿ ನಮ್ಮಲ್ಲೂ ಬಳಕೆಯಲ್ಲಿತ್ತು, ತಮ್ಮ. ಮಾಚಿಕಾಯಿಯೇ ಆಗಬೇಕೆಂದಿಲ್ಲ. ಒಗರು ಇರುವ ಕಾಯಿ ಯಾವುದಾದರೂ ಸರಿ. ಕಾಡಿಗೆಗೆ ಅಂಟು ಸೇರಿಸಿದ ಮಸಿ ಇನ್ನೂ ಸುರಕ್ಷಿತ. ಕಾಗದವನ್ನು ತಿನ್ನುವುದಿಲ್ಲ.

ಆದರೆ ನನ್ನ ತಕರಾರು ಬೇರೆ. "ಹಳೆಯ ರೀತಿ" ಅಂತ ಹೇಳಿ ವಚನಕ್ಕೆ ಚಿನ್ನ ಮೆತ್ತುವುದು ಯಾವ ಹಳೆಯ ರೀತಿ? ನಮ್ಮಲ್ಲಿ ವಚನಗಳು ಉಳಿದು ಬಂದದ್ದು ತಾಳೆಗರಿ ಕಟ್ಟುಗಳಲ್ಲಿ. ಕಬ್ಬಿಣದ ಕಂಟದಿಂದ ಕೊರೆದು, ಮೇಲೆ ಕಾಡಿಗೆ ಉಜ್ಜಿ, ಒರೆಸಿದರೆ ಗೀರಿನಲ್ಲಿ ಮಾತ್ರ ಕಪ್ಪು ಉಳಿಯುತ್ತದೆ. ಅಲ್ಲಿ ಚಿನ್ನವೂ ಇಲ್ಲ, ದೊಡ್ಡ ಅಕ್ಷರವೂ ಇಲ್ಲ. ಪದಗಳ ಮಧ್ಯೆ ಜಾಗವೇ ಬಿಡುತ್ತಿರಲಿಲ್ಲ. ಯುರೋಪಿನ ಚರ್ಚಿನ ಪುಸ್ತಕಕ್ಕೆ ಕನ್ನಡದ ಅಂಗಿ ತೊಡಿಸುವುದಾದರೆ ತೊಡಿಸಿ, ಅದನ್ನು ಐತಿಹಾಸಿಕ ಎನ್ನಬೇಡಿ.

ಗೋಳಗುಮ್ಮಟ
ಮೇಷ್ಟ್ರೇ, ಕರ್ನಾಟಕದ ಹಸ್ತಪ್ರತಿ ಅಂದರೆ ತಾಳೆಗರಿ ಒಂದೇನಾ? ನಮ್ಮ ವಿಜಾಪುರ ಮರೆತುಬಿಟ್ಟಿರಾ? ಆದಿಲಶಾಹಿ ಕಾಲದಲ್ಲಿ ಇಲ್ಲಿ ಚಿನ್ನ ಹಚ್ಚಿದ ಪುಸ್ತಕಗಳು ತಯಾರಾಗಿವೆ. 1570ರಲ್ಲಿ ಇಲ್ಲಿ ಬರೆದ ನುಜೂಮ್ ಅಲ್ ಉಲೂಮ್ ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಜ್ಯೋತಿಷದ ಪುಸ್ತಕ, ತುಂಬ ಚಿತ್ರ. ಎರಡನೇ ಇಬ್ರಾಹಿಂ ಆದಿಲಶಾಹ ಅಂತೂ ಸರಸ್ವತಿ, ಗಣಪತಿಯನ್ನು ಸ್ತುತಿಸಿ ಹಾಡು ಕಟ್ಟಿದವನು. ಅವನ ಹಾಡುಗಳನ್ನು ಆಸ್ಥಾನದ ಲಿಪಿಕಾರ ಖಲೀಲುಲ್ಲಾ ಅಂದವಾಗಿ ಬರೆದಿದ್ದಾನೆ. ಚಿನ್ನ ನಮಗೆ ಹೊಸದಲ್ಲ.

ಪಿಂಚಣಿ ಮೇಷ್ಟ್ರು
ಇದ್ದದ್ದು ಹೌದು. ಆದರೆ ಅದು ಫಾರ್ಸಿ-ಅರಬ್ಬಿ ಲಿಪಿಯ ಸಂಪ್ರದಾಯ. ಕೇಳಿದ್ದು ಕನ್ನಡ ಲಿಪಿಯ ಬಗ್ಗೆ.

ಗೋಳಗುಮ್ಮಟ
ಕಾಗದ, ಗಂಜಿ, ಒಪ್ಪ ಕೊಡುವ ಕಲ್ಲು, ಚಿನ್ನ, ಇವೆಲ್ಲ ಲಿಪಿ ನೋಡಿಕೊಂಡು ಕೆಲಸ ಮಾಡುತ್ತವಾ ಮೇಷ್ಟ್ರೇ? ಅವರು ಕೇಳಿದ್ದು ಸಾಮಾನು ಮತ್ತು ಕೈಕೆಲಸ. ಕಾಗದಕ್ಕೆ ಗಂಜಿ ಹಚ್ಚಿ, ಒಣಗಿಸಿ, ಅಕೀಕ್ ಕಲ್ಲಿನಿಂದ ತಿಕ್ಕಿ ನುಣುಪು ಮಾಡುವುದನ್ನು ದಖನ್ನಿನಲ್ಲಿ ಶತಮಾನಗಟ್ಟಲೆ ಮಾಡಿದ್ದಾರೆ. ದೌಲತಾಬಾದ್ ಹತ್ತಿರದ ಕಾಗಜೀಪುರದಲ್ಲಿ ಈಗಲೂ ಕೈಕಾಗದ ಮಾಡುತ್ತಾರೆ. ನುಣುಪು ಮಾಡಿದ ಕಾಗದದ ಮೇಲೆ ಪೆನ್ನು ಓಡುವ ಸುಖ ನೋಡಿದ ಮೇಲೆ ಮಾತಾಡಿ.

ಮೈಸೂರು ಸೊಸೆ
ಇಬ್ಬರೂ ಸ್ವಲ್ಪ ತಣ್ಣಗಾಗಿ 🙂 ಮಸಿಕುಡಿಕೆಯವರೇ, ನೀವು ಕೇಳುತ್ತಿರುವ ಉಬ್ಬು ಚಿನ್ನದ ಕೆಲಸ ನಮ್ಮ ಊರಿನಲ್ಲೇ ಇದೆ. ಮೈಸೂರು ಶೈಲಿಯ ಚಿತ್ರಗಳಲ್ಲಿ ದೇವರ ಒಡವೆ, ಕಿರೀಟ, ಪ್ರಭಾವಳಿ ಎಲ್ಲ ಉಬ್ಬಿರುತ್ತಲ್ಲ, ಅದು ಜೆಸ್ಸೊ. ಹಳಬರು ಸೀಸದ ಸಫೇದ (ಬಿಳಿ ಪುಡಿ), ರೇವಲಚಿನ್ನಿ ಹಾಲು (ಮರದ ಹಳದಿ ಅಂಟು), ಗೋಂದು ಸೇರಿಸಿ ಅರೆಯುತ್ತಿದ್ದರು. ಈಗ ಜಿಂಕ್ ಆಕ್ಸೈಡ್ ಮತ್ತು ಗೋಂದು ಬಳಸುವವರೇ ಹೆಚ್ಚು. ಸಣ್ಣ ಕುಂಚದಲ್ಲಿ ಗೆರೆಗೆರೆಯಾಗಿ ಇಟ್ಟು, ಒಣಗಿಸಿ, ಮತ್ತೆ ಇಟ್ಟು ಎತ್ತರ ಮಾಡಬೇಕು. ಅದರ ಮೇಲೆ ಅಂಟು, ಅದರ ಮೇಲೆ ರೇಕು. ಬಣ್ಣ ಆಮೇಲೆ. ಮೊದಲು ಬಣ್ಣ ಹಾಕಿದರೆ ಚಿನ್ನ ಬೇಡದ ಕಡೆಯೆಲ್ಲ ಅಂಟಿಕೊಳ್ಳುತ್ತೆ. ಯುರೋಪಿನವರದ್ದೂ ಇದೇ ಕ್ರಮ.

ತಂಜಾವೂರಿನದ್ದು ದಪ್ಪ, ಕಲ್ಲು ಗಿಲ್ಲು ಕೂರಿಸುತ್ತಾರೆ. ನಮ್ಮದು ತೆಳು, ನಯ. ಪುಸ್ತಕದ ಹಾಳೆಗೆ ನಮ್ಮದೇ ಹತ್ತಿರ. ಮೇಷ್ಟ್ರ ಗಮನಕ್ಕೆ: ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶ್ರೀತತ್ತ್ವನಿಧಿ ಹಸ್ತಪ್ರತಿ, ಚಿತ್ರಗಳ ಸಮೇತ, ಕನ್ನಡದ ನೆಲದಲ್ಲೇ ಆಯಿತು. ಹಾಗಾಗಿ ಪುಸ್ತಕಕ್ಕೂ ಚಿತ್ರಕ್ಕೂ ನಂಟು ಇಲ್ಲ ಅನ್ನಬೇಡಿ.

ಕಲಿಯಲು: ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ ಕಲಾ ಕಾಲೇಜು ಎರಡೂ ಕಡೆ ವಿಚಾರಿಸಿ. ಅದಕ್ಕಿಂತ ಒಳ್ಳೆಯದು, ಮನೆಯಲ್ಲಿ ಕಲಿಸುವ ಹಿರಿಯ ಕಲಾವಿದರನ್ನು ಹುಡುಕಿ. ನಾನು ಕಲಿತದ್ದು ಹಾಗೇ. ಗುರುಗಳು ಮೊದಲ ತಿಂಗಳು ಚಿನ್ನ ಮುಟ್ಟಲು ಬಿಡಲಿಲ್ಲ. ಬರೀ ಅರೆಯೋದು.

ಒಂದು ಎಚ್ಚರಿಕೆ. ಸೀಸದ ಸಫೇದ ವಿಷ. ಪುಡಿ ಉಸಿರಿಗೆ ಹೋಗಬಾರದು. ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ರೇವಲಚಿನ್ನಿ ಹಾಲು ಹೊಟ್ಟೆಗೆ ಹೋದರೆ ಭೇದಿ ಗ್ಯಾರಂಟಿ. ಕುಂಚವನ್ನು ಬಾಯಲ್ಲಿ ಚೂಪು ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ದಾವಣಗೆರೆ ಬೆಣ್ಣೆ
ಮೈಸೂರು ಸೊಸೆ ಅಕ್ಕ, ಚಿನ್ನದ ರೇಕಿಗೆ ಬದಲು ಸ್ವೀಟ್ ಮೇಲೆ ಹಾಕುವ ವರಖ್ ನಡೆಯಲ್ವಾ? ಬೀಡಾಕ್ಕೆ ಚಿನ್ನದ ವರಖ್ ಹಾಕೋದು ನೋಡಿದ್ದೇನೆ.

ಚಿನಿವಾರ
ನಾನು ಉತ್ತರ ಹೇಳ್ತೀನಿ. ನಮ್ಮದು ಅಕ್ಕಸಾಲಿ ಮನೆತನ.

ತಿನ್ನುವ ಚಿನ್ನದ ವರಖ್ ಶುದ್ಧವೇ ಇರುತ್ತೆ, ಆದರೆ ಹಾಳೆ ಒಂದೇ ಸಮ ಇರುವುದಿಲ್ಲ, ತೂತು, ಮಡಿಕೆ. ಬರವಣಿಗೆಗೆ ಬೇಕಾದ ಅಂಚು ಬರೋದಿಲ್ಲ. ಆದರೆ ಅದನ್ನೇ ಗೋಂದಿನ ನೀರು ಹಾಕಿ ಬೆರಳಲ್ಲಿ ಗಂಟೆಗಟ್ಟಲೆ ಅರೆದು, ತೊಳೆದು, ಚಿನ್ನದ ಬಣ್ಣ ಮಾಡಿಕೊಳ್ಳಬಹುದು. ಹಿಂದೆ ಅದನ್ನು ಚಿಪ್ಪಿನಲ್ಲಿ ಇಡುತ್ತಿದ್ದರಂತೆ. ಕುಂಚದಲ್ಲಿ ಬರೆಯಲು ಅದು ಸರಿ. ಬೆಳ್ಳಿ ವರಖ್ ಮಾತ್ರ ಬೇಡ, ಕಪ್ಪಾಗುತ್ತೆ.

ಈಗ ಮುಖ್ಯ ವಿಷಯ. ಅಂಗಡಿಯಲ್ಲಿ "ಗೋಲ್ಡ್ ಲೀಫ್" ಅಂತ ಮಾರೋದರಲ್ಲಿ ಬಹುಪಾಲು ಹಿತ್ತಾಳೆ. ತಾಮ್ರ, ಸತು. ಗುರುತು ಹಿಡಿಯೋದು ಸುಲಭ. ನಿಜವಾದ್ದು ಸಾಮಾನ್ಯವಾಗಿ 80 ಮಿಲಿಮೀಟರ್ ಚೌಕ, 25 ಹಾಳೆಯ ಪುಟ್ಟ ಪುಸ್ತಕ. ಹಿತ್ತಾಳೆಯದ್ದು 140 ಮಿಲಿಮೀಟರ್ ಚೌಕ, ದಪ್ಪ. ನಿಜವಾದ ರೇಕನ್ನು ಬೆಳಕಿಗೆ ಹಿಡಿದರೆ ಬೆಳಕು ಹಸಿರು-ನೀಲಿಯಾಗಿ ತೂರಿ ಬರುತ್ತೆ. ಹಿತ್ತಾಳೆಯಲ್ಲಿ ಬರಲ್ಲ. ಬೆರಳಲ್ಲಿ ಎತ್ತಲು ಹೋದರೆ ನಿಜವಾದ್ದು ಬೆರಳಿಗೇ ಮೆತ್ತಿ ಮಾಯ. ಸಂಶಯ ಇದ್ದರೆ ಒಂದು ಚೂರಿಗೆ ವಿನೆಗರ್, ಉಪ್ಪು ಹಾಕಿ ಬಿಡಿ. ಹಿತ್ತಾಳೆ ಬಣ್ಣ ಕೆಡುತ್ತೆ, ಚಿನ್ನಕ್ಕೆ ಏನೂ ಆಗಲ್ಲ.

ಬೆಲೆ ನೋಡಿ ಹೆದರಬೇಡಿ. ರೇಕಿನ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು. ಲೆಕ್ಕ ಹಾಕಿದರೆ 25 ಹಾಳೆಯಲ್ಲಿ ಇರುವ ಚಿನ್ನ 0.3 ಗ್ರಾಂ ಸುತ್ತಮುತ್ತ. ನೀವು ಕೊಡುವ ದುಡ್ಡಿನಲ್ಲಿ ಚಿನ್ನದ ಪಾಲಿನ ಜೊತೆ ಬಡಿದವನ ಕೂಲಿಯೂ ಇದೆ.

ಕೊಡಗಿನ ಕಾಫಿ
ಚಿನ್ನ ಬಡಿಯೋಕೆ ಚರ್ಮದ ಹಾಳೆ ಬಳಸುತ್ತಾರೆ ಅಂತ ಕೇಳಿದ್ದೆ, ನಿಜವೇ? ನಮ್ಮನೆಯಲ್ಲಿ ಅದಕ್ಕೇ ವರಖ್ ಹಾಕಿದ ಸ್ವೀಟ್ ತಿನ್ನಲ್ಲ.

ಚಿನಿವಾರ
ಹಿಂದೆ ಪ್ರಾಣಿಯ ಕರುಳು, ಚರ್ಮದ ಹಾಳೆಗಳ ಮಧ್ಯೆ ಇಟ್ಟು ಬಡಿಯುತ್ತಿದ್ದರು, ನಿಜ. ತಿನ್ನುವ ಬೆಳ್ಳಿ ವರಖ್‌ಗೆ ಪ್ರಾಣಿಜನ್ಯ ವಸ್ತು ಬಳಸಬಾರದು ಅಂತ 2016ರಲ್ಲೇ ನಿಯಮ ಬಂದಿದೆ. ಈಗ ಯಂತ್ರ, ಬೇರೆ ಹಾಳೆ.

ತುಮಕೂರು ತೆಂಗು
ಚರ್ಮ ಅಂದಿದ್ದಕ್ಕೆ ನೆನಪಾಯಿತು. ವೆಲಮ್ ಅಂದರೆ ಕರುವಿನ ಚರ್ಮ ಅಲ್ವಾ? ಬಸವಣ್ಣನವರ ವಚನವನ್ನು ಕರುವಿನ ಚರ್ಮದ ಮೇಲೆ ಬರೀತೀರಾ? ದಯೆ ಇರಬೇಕು ಅಂದವರ ಮಾತನ್ನು? ಸ್ವಲ್ಪ ಯೋಚನೆ ಮಾಡಿ.

ಹಲಗೆ ಹನುಮ
ತೆಂಗಣ್ಣ, ಹರಳಯ್ಯ, ಕಲ್ಯಾಣಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಕಥೆ ಕೇಳಿಲ್ವಾ? ಚರ್ಮ ಹದ ಮಾಡುವವರು ಶರಣರ ಪಂಕ್ತಿಯಲ್ಲೇ ಕೂತಿದ್ದರು. ಚರ್ಮ ಅಂದ ತಕ್ಷಣ ಮೂಗು ಮುಚ್ಚಿಕೊಳ್ಳೋದು ಶರಣರ ರೀತಿ ಅಲ್ಲ.

ತುಮಕೂರು ತೆಂಗು
ನಾನು ಮೂಗು ಮುಚ್ಚಿಲ್ಲ ಸ್ವಾಮಿ, ಕೊಲ್ಲೋದರ ಬಗ್ಗೆ ಹೇಳಿದೆ. ಎರಡಕ್ಕೂ ವ್ಯತ್ಯಾಸ ಇದೆ.

ಹಲಗೆ ಹನುಮ
ನೀವು ಬಾರಿಸುವ ಮೃದಂಗ, ತಬಲಾ ಯಾವುದರದ್ದು ಮತ್ತೆ?

ನಿರ್ವಾಹಕ
ಇಬ್ಬರೂ ನಿಲ್ಲಿಸಿ. ಆಹಾರ, ಧರ್ಮದ ಜಗಳಕ್ಕೆ ಬೇರೆ ಎಳೆ ಇದೆ. ಇಲ್ಲಿ ಬರವಣಿಗೆ ಮಾತ್ರ.

ಹಲಗೆ ಹನುಮ
ಸರಿ, ಕೆಲಸದ ಮಾತೇ ಹೇಳ್ತೀನಿ. ವೆಲಮ್ ಬೇಕಾದವರು ತೊಗಲುಗೊಂಬೆ ಮಾಡುವವರನ್ನು ಕೇಳಿ. ಗೊಂಬೆಗೆ ಬಳಸೋದು ಮೇಕೆಯ ತೊಗಲು. ಕೂದಲು ತೆಗೆದು, ಕೆರೆದು, ಬಿಗಿದು ಒಣಗಿಸಿ, ಬೆಳಕು ತೂರುವಷ್ಟು ತೆಳು ಮಾಡುತ್ತಾರೆ. ಚಪ್ಪಲಿ ಚರ್ಮದ ಥರ ತೊಗಟೆ ಹಾಕಿ ಹದ ಮಾಡಿದ್ದಲ್ಲ. ಯುರೋಪಿನ ಪಾರ್ಚ್‌ಮೆಂಟೂ ಹದ ಮಾಡದ, ಬಿಗಿದು ಒಣಗಿಸಿದ ಚರ್ಮವೇ. ಗೊಂಬೆ ತೊಗಲಿನ ಮೇಲೆ ಸ್ವಲ್ಪ ಜಿಡ್ಡು ಉಳಿದಿರುತ್ತೆ. ಪ್ಯೂಮಿಸ್ ಪುಡಿ ಹಾಕಿ ಉಜ್ಜಿ, ಧೂಳು ಕೊಡವಿ ಬರೆಯಿರಿ. ಗೊಂಬೆ ಕಲಾವಿದರಿಗೂ ನಾಲ್ಕು ಕಾಸು ಸಿಗುತ್ತೆ.

ಲಂಡನ್ ಲಿಂಗರಾಜು
ಹನುಮ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಇಲ್ಲಿ ಸಂಜೆ ತರಗತಿಯಲ್ಲಿ ಕಲಿಯುತ್ತಿದ್ದೇನೆ, ಇಲ್ಲಿನ ರೀತಿ ಹೇಳುತ್ತೇನೆ.

ಇಂಗ್ಲೆಂಡಿನಲ್ಲೂ ವೆಲಮ್ ಈಗ ದುಬಾರಿ, ಅಪರೂಪ. ನ್ಯೂಪೋರ್ಟ್ ಪ್ಯಾಗ್ನೆಲ್ ಊರಿನಲ್ಲಿ 1870ರಿಂದ ಮಾಡುತ್ತಿರುವ ವಿಲಿಯಂ ಕೌಲಿ ಇದೆ. ಪಾರ್ಲಿಮೆಂಟಿನ ಕಾಯ್ದೆಗಳನ್ನು ವೆಲಮ್ ಮೇಲೆ ಮುದ್ರಿಸುವ ಪದ್ಧತಿ ಇತ್ತು. 2017ರಿಂದ ಅದನ್ನೂ ರಕ್ಷಾಪುಟಕ್ಕೆ ಮಾತ್ರ ಇಳಿಸಿದರು. ಹಾಗಾಗಿ ಕಲಿಯುವಾಗ ಯಾರೂ ವೆಲಮ್ ಕೊಡಲ್ಲ. ಹತ್ತಿಯ ದಪ್ಪ ಕಾಗದ, ಹಾಟ್ ಪ್ರೆಸ್ಡ್ (ಅಂದರೆ ನುಣುಪು ಮೈಯದು), 300 ಜಿಎಸ್‌ಎಂ. ನೀವೂ ಅದರಲ್ಲೇ ಶುರು ಮಾಡಿ.

ಉಬ್ಬು ಜೆಸ್ಸೊಗೆ ಇಲ್ಲಿ ಹೇಳಿಕೊಡುವ ಪಾಕ: ನೆನೆದ ಪ್ಲಾಸ್ಟರ್ ಆಫ್ ಪ್ಯಾರಿಸ್ 8 ಪಾಲು, ಸೀಸದ ಬಿಳಿ 3, ಸಕ್ಕರೆ 1, ಮೀನಿನ ಅಂಟು 1, ಚಿಟಿಕೆ ಅರ್ಮೇನಿಯನ್ ಬೋಲ್. ಸೀಸಕ್ಕೆ ಬದಲು ಟೈಟಾನಿಯಂ ಬಿಳಿ ಹಾಕುವವರು ಇದ್ದಾರೆ, ನಾನೂ ಹಾಕೋದು ಅದನ್ನೇ. ಪ್ಲಾಸ್ಟರ್ ನೆನೆಸೋದು ಅಂದರೆ ಬಕೆಟ್ಟು ತುಂಬ ನೀರಿಗೆ ಹಾಕಿ ಗಟ್ಟಿಯಾಗದ ಹಾಗೆ ದಿನಾ ಕಲಕುತ್ತಾ ಒಂದು ತಿಂಗಳು. ಸುಮಾರು 1400ರಲ್ಲಿ ಇಟಲಿಯ ಚೆನ್ನೀನೋ ಚೆನ್ನೀನಿ ಬರೆದಿಟ್ಟಿರೋದೂ ಇದೇ. ಬೋಲ್ ಇಲ್ಲ ಅಂತ ಕೊರಗಬೇಡಿ. ಈ ಪಾಕದಲ್ಲಿ ಅದು ಬರೀ ಬಣ್ಣಕ್ಕೆ. ಬಿಳಿ ಕಾಗದದ ಮೇಲೆ ಬಿಳಿ ಜೆಸ್ಸೊ ಕಾಣಲಿ ಅಂತ. ನಮ್ಮ ಜಾಜು ಚೆನ್ನಾಗಿ ಜರಡಿ ಹಿಡಿದು ಹಾಕಿದರೆ ಸಾಕು.

ಸಕ್ಕರೆ ಯಾಕೆ ಗೊತ್ತಾ? ತೇವ ಹೀರೋಕೆ. ಜೆಸ್ಸೊ ರಾತ್ರಿಯಿಡೀ ಒಣಗಬೇಕು. ಬೆಳಿಗ್ಗೆ ಚಾಕುವಿನಿಂದ ಕೆರೆದು ನುಣುಪು ಮಾಡಿ, ಒಂದು ಕೊಳವೆಯಿಂದ ಎದೆಯಾಳದಿಂದ "ಹಾ" ಅಂತ ಬಿಸಿ ಉಸಿರು ಬಿಡಬೇಕು. ಆ ತೇವಕ್ಕೆ ಅಂಟು ಎಚ್ಚರವಾಗುತ್ತೆ. ತಕ್ಷಣ ರೇಕು ಇಟ್ಟು, ಮೇಲೆ ಗ್ಲಾಸೀನ್ ಕಾಗದ ಇಟ್ಟು ಒತ್ತಬೇಕು. ಆಮೇಲೆ ಅಗೇಟ್ ಕಲ್ಲಿನಿಂದ ತಿಕ್ಕಿದರೆ ಹೊಳಪು. ಚೆನ್ನೀನಿ ಕಾಲದಲ್ಲಿ ನಾಯಿಯ ಹಲ್ಲನ್ನೂ ಬಳಸುತ್ತಿದ್ದರು!

ಕೊಡಗಿನ ಕಾಫಿ
ನಮ್ಮನೆ ನಾಯಿ ಈ ಎಳೆ ಓದದಿರಲಿ.

ಚಿನಿವಾರ
ಅಗೇಟ್ ಅಂದರೆ ಅಕೀಕ್. ಗುಜರಾತಿನ ಖಂಭಾತ್‌ನಲ್ಲಿ ಆ ಕಲ್ಲಿನ ಕಸುಬೇ ಇದೆ. ಬೆಂಗಳೂರಿನ ನಗರ್ತಪೇಟೆ, ಮೈಸೂರಿನ ಅಶೋಕ ರಸ್ತೆ ಕಡೆ ಅಕ್ಕಸಾಲಿಗರ ಉಪಕರಣ ಮಾರುವವರ ಹತ್ತಿರ ಒಪ್ಪ ಕೊಡುವ ಕಲ್ಲು ಕೇಳಿ. ಹಿಡಿ ಹಾಕಿದ್ದು ಸಿಕ್ಕರೆ ಸರಿ. ಇಲ್ಲದಿದ್ದರೆ ನುಣುಪಾದ ಅಕೀಕ್ ಉಂಗುರದ ಕಲ್ಲು ತಂದು ಕಡ್ಡಿಗೆ ಅರಗಿನಲ್ಲಿ ಕೂರಿಸಿ. ಮೇಲ್ಮೈಯಲ್ಲಿ ಒಂದು ಗೀರೂ ಇರಬಾರದು.

ಪಡುಬಿದ್ರಿ ಗಾಳಿ
ಮಾರಾಯ್ರೇ, ಉಸಿರು ಊದುವ ಕಷ್ಟ ನಮಗಿಲ್ಲ. ಮಳೆಗಾಲದಲ್ಲಿ ಇಲ್ಲಿ ಜೆಸ್ಸೊ ಒಣಗುವುದೇ ಇಲ್ಲ! ಆ ತಿಂಗಳುಗಳಲ್ಲಿ ಸಕ್ಕರೆ ಕಡಿಮೆ ಮಾಡಬೇಕು. ಬೆಂಗಳೂರಿನವರಿಗೆ ಫೆಬ್ರವರಿ, ಮಾರ್ಚ್ ಕಷ್ಟ. ಗಾಳಿ ಒಣ. ಬೆಳಗಿನ ಜಾವ ಫ್ಯಾನ್ ಆರಿಸಿ ಕೂತುಕೊಳ್ಳಿ. ಹೇಗಿದ್ದರೂ ಫ್ಯಾನ್ ಆರಿಸಲೇಬೇಕು, ಇಲ್ಲದಿದ್ದರೆ ರೇಕು ಪಕ್ಕದ ಮನೆಗೆ ಹಾರುತ್ತೆ.

ಮೇಷ್ಟ್ರೇ, ತಾಳೆಗರಿಯಲ್ಲಿ ಎಲ್ಲವೂ ಕೊರೆದದ್ದು ಅಂದಿರಲ್ಲ, ನಮ್ಮ ಮೂಡುಬಿದಿರೆಯ ಜೈನ ಗ್ರಂಥ ಧವಲಾ ಪ್ರತಿಗಳು? ಅವು ಮಸಿಯಲ್ಲಿ ಬರೆದದ್ದು. ಬಣ್ಣದ ಚಿತ್ರಗಳೂ ಇವೆ.

ಪಿಂಚಣಿ ಮೇಷ್ಟ್ರು
ಒಳ್ಳೆಯ ಉದಾಹರಣೆ ಕೊಟ್ಟಿರಿ. ಎಲ್ಲವೂ ಕೊರೆದದ್ದು ಎಂದು ನಾನು ಹೇಳಿಲ್ಲ, ವಚನದ ಕಟ್ಟುಗಳ ಬಗ್ಗೆ ಹೇಳಿದೆ. ಧವಲಾ, ಜಯಧವಲಾ, ಮಹಾಬಂಧ ಪ್ರತಿಗಳು 12ನೇ ಶತಮಾನದ ಆರಂಭದವು, ಹೊಯ್ಸಳರ ಕಾಲ. ಶ್ರೀತಾಳೆ ಗರಿಯ ಮೇಲೆ ಅರಗಿನ ಮಸಿಯಲ್ಲಿ ಬರೆದ ಹಳಗನ್ನಡ ಲಿಪಿ. ಬಂಗಾಳ, ನೇಪಾಳ, ಗುಜರಾತಿನ ಕಡೆ ತಾಳೆಗರಿಗೆ ಮಸಿಯೇ ರೂಢಿ. ದಕ್ಷಿಣದಲ್ಲಿ ಕೊರೆಯುವುದು ರೂಢಿ. ಮೂಡುಬಿದಿರೆಯದು ದಕ್ಷಿಣದಲ್ಲಿ ಅಪರೂಪದ್ದು. ಅಂದಹಾಗೆ ಗುಜರಾತಿನ ಜೈನರು 15ನೇ ಶತಮಾನದಲ್ಲಿ ಕಾಗದಕ್ಕೆ ಕೆಂಪು, ನೀಲಿ ಬಳಿದು ಚಿನ್ನದ ಮಸಿಯಲ್ಲೇ ಕಲ್ಪಸೂತ್ರ ಬರೆಸಿದ್ದಾರೆ.

ಈಗ ಮಸಿಕುಡಿಕೆಯವರಿಗೆ ಒಂದು ಸಲಹೆ, ಬೈಗುಳ ಅಲ್ಲ. ಕಂಟದ ಮೊನೆಗೆ ದಪ್ಪ-ತೆಳು ಇಲ್ಲ. ಗೀರು ಎಲ್ಲ ಕಡೆ ಒಂದೇ ಸಮ. ನೀವು ಅಗಲ ನಿಬ್ಬಿನಲ್ಲಿ ಕನ್ನಡ ಬರೆದರೆ ದಪ್ಪ-ತೆಳು ತಾನಾಗಿ ಬರುತ್ತದೆ. ಅದಕ್ಕೆ ಮಾದರಿ ತಾಳೆಗರಿಯಲ್ಲಿ ಹುಡುಕಬೇಡಿ. ಶಾಸನದಲ್ಲಿ ಹುಡುಕಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ, ಸುಮಾರು ಕ್ರಿ.ಶ. 700ರದ್ದು, ಎಂಥ ಅಕ್ಷರ! ಹೊಯ್ಸಳರ ಕಾಲದ ಶಾಸನಗಳಲ್ಲಂತೂ ಅಕ್ಷರವೇ ಅಲಂಕಾರ. ವಚನ ಬರೆಯುವುದಾದರೆ ಅದೇ 12ನೇ ಶತಮಾನದ ಅಕ್ಷರ ಕಲಿಯಿರಿ. ಆಗ ನಿಮ್ಮ ಹಾಳೆಗೆ ಒಂದು ನ್ಯಾಯ ಸಿಗುತ್ತದೆ. ಚಿನ್ನದ ವಿಷಯದಲ್ಲಿ ನನ್ನ ತಕರಾರು ಹಾಗೇ ಇದೆ.

ಮಸಿಕುಡಿಕೆ
ಮೇಷ್ಟ್ರೇ, ಇದು ನನಗೆ ಹೊಳೆದೇ ಇರಲಿಲ್ಲ. ಆ ಅಕ್ಷರ ಕಲಿಯೋದು ಎಲ್ಲಿ?

ಪಿಂಚಣಿ ಮೇಷ್ಟ್ರು
ಬಿ.ಎಲ್. ರೈಸರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳ ಪಾಠ ಇದೆ, ಅಲ್ಲಿಂದ ಶುರು ಮಾಡಿ. ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಶಾಸನ ತರಗತಿಗಳ ಬಗ್ಗೆ ಕೇಳಿ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಶಾಸ್ತ್ರಕ್ಕೆ ಒಂದು ವಿಭಾಗವೇ ಇದೆ. ಬೆಂಗಳೂರಿನವರಾದ್ದರಿಂದ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿರುವುದನ್ನು ನೋಡಿ. ಫೋಟೋದಲ್ಲಿ ಕಾಣದ ಗೀರು ಅದರಲ್ಲಿ ಕಾಣುತ್ತದೆ. ಮೈಸೂರಿಗೆ ಹೋದರೆ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೂ ಹೋಗಿ ಬನ್ನಿ. 1891ರ ಸಂಸ್ಥೆ. 1905ರಲ್ಲಿ ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕಿದ್ದು ಅಲ್ಲೇ.

ಮಲೆನಾಡ ಮಳೆ
ಕನ್ನಡದ ಅಕ್ಷರ ದುಂಡಗಾಗಿದ್ದೇ ತಾಳೆಗರಿಯಿಂದ ಅಂತಾರಲ್ವಾ? ನೇರ ಗೆರೆ ಎಳೆದರೆ ಗರಿ ಸೀಳುತ್ತೆ ಅಂತ.

ಪಿಂಚಣಿ ಮೇಷ್ಟ್ರು
ಎಲ್ಲರೂ ಹೇಳುತ್ತಾರೆ. ಅಷ್ಟು ಸರಳವಾಗಿ ನಾನು ಒಪ್ಪುವುದಿಲ್ಲ. ತಮಿಳೂ ಅದೇ ಗರಿಯ ಮೇಲೆ ಬರೆದದ್ದು, ಅದರಲ್ಲಿ ನೇರ ಗೆರೆ ಬೇಕಾದಷ್ಟಿವೆ.

ಪಡುಬಿದ್ರಿ ಗಾಳಿ
ಗರಿಯ ಮೇಲೆ ಕೈ ಪಳಗಿಸುವ ಆಸೆ ಇದ್ದರೆ ಹೇಳಿ. ಆದರೆ ಸಾಮಾನ್ಯ ತಾಳೆ ಬೇಡ, ಅದು ದಪ್ಪ, ಬಿರುಸು. ಶ್ರೀತಾಳೆ ಗರಿ ತೆಳು, ಬಳುಕುತ್ತದೆ. ತೀರ ಎಳೆಯದೂ ಅಲ್ಲದ, ಬಲಿತದ್ದೂ ಅಲ್ಲದ ಗರಿ ತೆಗೆದು, ನಡುವಿನ ಕಡ್ಡಿ ಬಿಡಿಸಿ, ಅರಿಶಿನ ಹಾಕಿದ ನೀರಿನಲ್ಲಿ ಕುದಿಸಿ, ನೆರಳಲ್ಲಿ ಒಣಗಿಸಿ, ಭಾರ ಹೇರಿ ಸಪಾಟು ಮಾಡಿ ಉಜ್ಜಬೇಕು. ಶ್ರೀತಾಳೆ ಮರ ಇಡೀ ಆಯುಷ್ಯದಲ್ಲಿ ಒಂದೇ ಸಲ ಹೂ ಬಿಟ್ಟು ಸಾಯುತ್ತೆ. ಹೂ ಬಿಟ್ಟರೆ ಅಪಶಕುನ ಅಂತ ಕಡಿದವರೂ ಇದ್ದಾರೆ. ಹಾಗಾಗಿ ಮರ ಸಿಗೋದೇ ಕಷ್ಟ. ಸಿಕ್ಕರೆ ಒಂದೆರಡು ಗರಿ ಮಾತ್ರ ಕೇಳಿ ತೆಗೆದುಕೊಳ್ಳಿ. ಬರೆದ ಮೇಲೆ ಸಿಟ್ರೊನೆಲ್ಲಾ ಎಣ್ಣೆ ಸವರಿ ಇಟ್ಟರೆ ಹುಳ ಹತ್ತಲ್ಲ.

ಶೃಂಗೇರಿ ಸುಬ್ಬ
ಯಾರೂ ಕಡತದ ಬಗ್ಗೆ ಹೇಳಲೇ ಇಲ್ಲ! ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಸಿ, ಬಳಪದಲ್ಲಿ ಬರೆಯೋದು. ಮಠದ ಲೆಕ್ಕ, ವ್ಯಾಪಾರಿಗಳ ಲೆಕ್ಕ ಎಲ್ಲ ಅದರಲ್ಲೇ. ಅಳಿಸಿ ಮತ್ತೆ ಬರೆಯಬಹುದು. ಅಕ್ಷರ ಅಭ್ಯಾಸಕ್ಕೆ ಇದಕ್ಕಿಂತ ಅಗ್ಗದ್ದು ಯಾವುದಿದೆ? ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ಅರೆದು ಕುದಿಸಿ. ಹಳೆ ಪಂಚೆ ಸಾಕು. ಮೇಷ್ಟ್ರಿಗೂ ಖುಷಿಯಾಗುತ್ತೆ, ಪೂರ್ತಿ ಐತಿಹಾಸಿಕ.

ಪಿಂಚಣಿ ಮೇಷ್ಟ್ರು
ಖುಷಿಯಾಯಿತು.

ಶಾರ್ಟ್‌ಕಟ್ ಶಶಿ
ಒಂದು ತಿಂಗಳು ಪ್ಲಾಸ್ಟರ್ ಕಲಕೋದು, ಹುಣಸೆ ಬೀಜ ಅರೆಯೋದು... ಸುಮ್ನೆ ಅಕ್ರಿಲಿಕ್ ಗೋಲ್ಡ್ ಸೈಜ್ ತಂದು ಹಚ್ಚಿ ರೇಕು ಅಂಟಿಸಿ. ಅರ್ಧ ಗಂಟೆಯ ಕೆಲಸ. ನೋಡುವವರಿಗೆ ಏನು ಗೊತ್ತಾಗುತ್ತೆ?

ಮೈಸೂರು ಸೊಸೆ
ಗೊತ್ತಾಗುತ್ತೆ ಶಶಿ. ಅಕ್ರಿಲಿಕ್ ಮೆತ್ತಗಿರುತ್ತೆ. ಕಲ್ಲಿನಿಂದ ಗಟ್ಟಿಯಾಗಿ ತಿಕ್ಕಲು ಆಗಲ್ಲ. ಮಂಕಾದ ಹೊಳಪು ಬರುತ್ತೆ. ಹುಟ್ಟುಹಬ್ಬದ ಕಾರ್ಡಿಗೆ ಸಾಕು.

ಲಂಡನ್ ಲಿಂಗರಾಜು
ಶಶಿಯವರ ಮಾತು ಪೂರ್ತಿ ತಳ್ಳಿಹಾಕಬೇಡಿ. ಹೊಸಬರು ರೇಕು ಹಿಡಿಯೋದು, ಕತ್ತರಿಸೋದು, ಅಂಚು ತೆಗೆಯೋದು ಕಲಿಯಲು ಅಕ್ರಿಲಿಕ್ ಸುಲಭ. ಮಧ್ಯದ ದಾರಿ ಅಲೆಮಾರಿಯವರು ಹೇಳಿದ ಉಶಕ್. ನೀರಿನಲ್ಲಿ ನೆನೆಸಿ, ಹಳೆಯ ನೈಲಾನ್ ಕಾಲುಚೀಲದಲ್ಲಿ ಸೋಸಿ, ಆ ಹಾಲಿನಲ್ಲಿ ಬರೆಯಿರಿ. ಒಣಗಿದ ಮೇಲೆ ಉಸಿರು ಬಿಟ್ಟು ರೇಕು ಇಡಿ. ಜೆಸ್ಸೊದಷ್ಟು ಉಬ್ಬಲ್ಲ. ಆದರೆ ಐತಿಹಾಸಿಕವೂ ಹೌದು, ತಿಂಗಳು ಕಾಯಬೇಕಿಲ್ಲ. ವಾಸನೆ ಮಾತ್ರ ಸಹಿಸಿಕೊಳ್ಳಬೇಕು. ಮೊದಲು ಟ್ರಾನ್ಸ್‌ಫರ್ ರೇಕು ತಗೊಳ್ಳಿ, ಕಾಗದಕ್ಕೆ ಅಂಟಿರುತ್ತೆ, ಹಾರಲ್ಲ. ಬಿಡಿ ರೇಕು ಆಮೇಲೆ.

ಇನ್ನೊಂದು ಮಾತು. ಇಲ್ಲಿ ಸೊಸೈಟಿ ಆಫ್ ಸ್ಕ್ರೈಬ್ಸ್ ಅಂಡ್ ಇಲ್ಯುಮಿನೇಟರ್ಸ್ 1921ರಿಂದ ಇದೆ. ಅವರೆಲ್ಲರ ಮೂಲ ಎಡ್ವರ್ಡ್ ಜಾನ್‌ಸ್ಟನ್. ಅವರು 10ನೇ ಶತಮಾನದ ಒಂದು ಹಸ್ತಪ್ರತಿಯ ಮುಂದೆ ಕೂತು, ಪೆನ್ನಿನ ಕೋನ, ಅಕ್ಷರದ ಎತ್ತರ ಅಳೆದು, ಹಳೆಯ ಕೈಯನ್ನು ಹೊಸದಾಗಿ ಕಟ್ಟಿದರು. ಕನ್ನಡಕ್ಕೆ ಆ ಕೆಲಸ ಮಾಡಲು ಯಾರಿದ್ದಾರೆ? ಮೇಷ್ಟ್ರು ಹೇಳಿದ ಹೊಯ್ಸಳ ಅಕ್ಷರ ಹಿಡಿದು, ನಿಬ್ಬಿನ ಕೋನ ಇಷ್ಟು, ಮೊದಲ ಎಳೆ ಇಲ್ಲಿಂದ ಅಂತ ಒಂದು ಹಾಳೆ ಯಾರಾದರೂ ಮಾಡಿ ಹಾಕಿದರೆ ನಮ್ಮಂಥವರಿಗೆಲ್ಲ ಉಪಯೋಗ.

ಅವೆನ್ಯೂ ರಸ್ತೆ ಅಲೆಮಾರಿ
ಹೌದು. ಸಾಮಾನು ಒಂದು ಶನಿವಾರ ಅಲೆದರೆ ಸಿಗುತ್ತೆ. ಇಲ್ಲದಿರೋದು ಆ ಹಾಳೆ. ಎಲ್ಲರೂ ಚಿನ್ನದ ಬಗ್ಗೆ ಕೇಳ್ತಾರೆ, ಅಕ್ಷರದ ಬಗ್ಗೆ ಯಾರೂ ಕೇಳಲ್ಲ.

ಮಸಿಕುಡಿಕೆ
ನಾನು ಶುರು ಮಾಡ್ತೀನಿ ಸರ್, ನಿಬ್ಬಿನ ಕೋನದ ಲೆಕ್ಕ ನನಗೆ ಬರುತ್ತೆ. ಮೇಷ್ಟ್ರು ಅಕ್ಷರ ತಿದ್ದಿಕೊಡಬೇಕು. ಚಿನ್ನದ ಜಗಳ ಆಮೇಲೆ ಆಡೋಣ.

ಪಿಂಚಣಿ ಮೇಷ್ಟ್ರು
ಮೊದಲು ಸ್ವರಗಳನ್ನು ಮಾತ್ರ ಬರೆದು ಹಾಕಿ. ಕೆಂಪು ಪೆನ್ನು ನನ್ನ ಹತ್ತಿರ ಇದೆ. ಒಂದೇ ಶಾಸನದಿಂದ ತೆಗೆದುಕೊಳ್ಳಿ. ಎರಡು ಶತಮಾನದ ಅಕ್ಷರ ಬೆರೆಸಿದರೆ ವಾಪಸ್ ಕಳಿಸುತ್ತೇನೆ.

ಶಾರ್ಟ್‌ಕಟ್ ಶಶಿ
ಯಾರಾದರೂ ಆ ಹಾಳೆಯನ್ನು ಫಾಂಟ್ ಮಾಡಿಬಿಡಿ, ಬರೆಯೋ ಕಷ್ಟವೇ ಇರಲ್ಲ 😄

ಪಿಂಚಣಿ ಮೇಷ್ಟ್ರು
ನಿರ್ವಾಹಕರೇ, ಈ ಶಶಿಯನ್ನು ಸ್ವಲ್ಪ ನೋಡಿಕೊಳ್ಳಿ.

ಮಲೆನಾಡ ಮಳೆ
ಪುಕ್ಕದ ಪೆನ್ನಿನ ಬಗ್ಗೆ ಒಂದು ಪ್ರಶ್ನೆ. ಹೆಬ್ಬಾತಿನ ಪುಕ್ಕ ಎಲ್ಲಿ ಸಿಗುತ್ತೆ? ನವಿಲು ಗರಿ ನಡೆಯುತ್ತಾ?

ಹಲಗೆ ಹನುಮ
ನವಿಲು ಗರಿಯ ಕಡ್ಡಿ ಮೆತ್ತಗೆ, ಅಲಂಕಾರಕ್ಕೆ ಮಾತ್ರ. ಬರೆಯಲು ರೆಕ್ಕೆಯ ತುದಿಯ ಗಟ್ಟಿ ಪುಕ್ಕ ಬೇಕು. ಹೆಬ್ಬಾತು, ಟರ್ಕಿ ಕೋಳಿ ಎರಡೂ ನಡೆಯುತ್ತೆ. ಬಿಸಿ ಮರಳಿನಲ್ಲಿ ಹೂತು ಗಟ್ಟಿ ಮಾಡಿ, ಆಮೇಲೆ ಚೂಪು ಚಾಕುವಿನಿಂದ ಕತ್ತರಿಸಿ. ನಮ್ಮೂರಿನ ಹತ್ತಿರ ಟರ್ಕಿ ಫಾರಂ ಇದೆ, ಪುಕ್ಕ ಪುಕ್ಕಟೆ. ಬೇಕಾದವರು ಇನ್‌ಬಾಕ್ಸಿಗೆ ವಿಳಾಸ ಹಾಕಿ, ಕೊರಿಯರ್ ದುಡ್ಡು ನಿಮ್ಮದು. ಎಡಗೈಯಲ್ಲಿ ಬರೆಯುವವರು ಮೊದಲೇ ಹೇಳಿ, ಬಾಗು ಬೇರೆ ಇರುತ್ತೆ.

ದಾವಣಗೆರೆ ಬೆಣ್ಣೆ
ನಂದು ಎಡಗೈ. ನಾಲ್ಕು ಕಳಿಸಿ ಅಣ್ಣ.